ಅಪ್ಪನ ಮಳೆ ಲೆಕ್ಕಕ್ಕೊಂದು ಗ್ರಾಫ್

ನಮ್ಮ ಸುಳ್ಯದ ಕಡೆ ಅಡಿಕೆ ತೋಟ ಇರುವ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವ ಅಭ್ಯಾಸ ಹಲವರಿಗಿದೆ. ಅಂಗಳದ ತೆರೆದ ಜಾಗದಲ್ಲಿ ಒಂದು ಮಳೆಮಾಪಕ, ಜಗಲಿಯಲ್ಲಿ ಒಂದು ಡೈರಿ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಇಷ್ಟೇ ಸಲಕರಣೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಬೇಕು, ಯಾಕೆಂದರೆ ಹವಾಮಾನ ಇಲಾಖೆಯ ಲೆಕ್ಕವೂ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಒಂದೇ ದಿನ 100 ಮಿಲಿಮೀಟರ್ ಸುರಿಯಿತು ಅಂದರೆ ಎಕರೆಗೆ ನಾಲ್ಕು ಲಕ್ಷ ಲೀಟರ್! ಆಟಿ ತಿಂಗಳಲ್ಲಿ ನಮ್ಮಲ್ಲಿ ಅಂಥ ದಿನಗಳು ಅಪರೂಪವೇನಲ್ಲ.

ನಮ್ಮ ಅಪ್ಪ 2000ನೇ ಇಸವಿಯ ಜೂನ್ ಒಂದರಿಂದ ಬರೆಯುತ್ತಾ ಬಂದಿದ್ದಾರೆ. ಆಗ ನಾನಿನ್ನೂ ಬಾಲವಾಡಿ. ಆಮೇಲೆ ನಾನು ಶಾಲೆ, ಕಾಲೇಜು, ಇಂಜಿನಿಯರಿಂಗ್ ಎಲ್ಲ ಮುಗಿಸಿ ಬೆಂಗಳೂರು ಸೇರಿ ಸಾಫ್ಟ್‌ವೇರ್ ಕೆಲಸ ಹಿಡಿದೆ. ಡೈರಿ ಮಾತ್ರ ನಿಲ್ಲಲಿಲ್ಲ. ನನ್ನ ಕೆಲಸ ಏನು ಅಂತ ಊರಲ್ಲಿ ಯಾರಾದರೂ ಕೇಳಿದರೆ “ಗ್ರಾಫ್ ಬಿಡಿಸುದು” ಅಂತಲೇ ಹೇಳುತ್ತೇನೆ. ಯಾವ್ಯಾವುದೋ ಕಂಪನಿಗಳ ಮಾರಾಟದ ಅಂಕಿಗಳನ್ನು ಗೆರೆ, ಕಂಬ, ಚುಕ್ಕಿಗಳನ್ನಾಗಿ ಮಾಡಿ ತೆರೆಯ ಮೇಲೆ ತೋರಿಸುವ ಕೆಲಸ. ಹಾಗಿದ್ದೂ ಮನೆಯ ಡೈರಿಯನ್ನು ಗ್ರಾಫ್ ಮಾಡುವ ಸಂದರ್ಭ ಬಂದದ್ದು 2024ರ ಮೇ ತಿಂಗಳಲ್ಲಿ, ಅದೂ ಒಂದು ಜಗಳದಿಂದ.

ಆ ವರ್ಷ ಬಾವಿ ತಳ ಕಂಡಿತ್ತು. ಪಂಪು ಹಾಕಿದರೆ ಹತ್ತು ನಿಮಿಷಕ್ಕೆ ಗಾಳಿ ಎಳೆಯುತ್ತಿತ್ತು. ತೋಟ ನೋಡಿಕೊಳ್ಳುವುದು ಅಣ್ಣ. “ಬೋರ್ ತೆಗೆಸದೆ ಇನ್ನು ಆಗುದಿಲ್ಲ. ಸೊಸೈಟಿಯಲ್ಲಿ ಸಾಲಕ್ಕೆ ಕೇಳಿದ್ದೇನೆ” ಅಂದ. ಅಪ್ಪನಿಗೆ ಸುತಾರಾಂ ಇಷ್ಟ ಇಲ್ಲ. “ಮಳೆಯೇ ಕಡಿಮೆ ಆಗಿದೆ. ನೀನು ಪಾತಾಳಕ್ಕೆ ಕೊರೆದರೂ ನೀರು ಎಲ್ಲಿಂದ ಬರ್ತದೆ? ಸಾಲ ಒಂದು ಉಳೀತದೆ ಅಷ್ಟೆ.” ಒಬ್ಬರದ್ದು ಬೇಕು, ಒಬ್ಬರದ್ದು ಬೇಡ. ಆದರೆ ಮಳೆ ಕಡಿಮೆ ಆಗಿದೆ ಅನ್ನುವುದರಲ್ಲಿ ಇಬ್ಬರದ್ದೂ ಒಂದೇ ಮಾತು.

“ಕಡಿಮೆ ಆಗಿದೆ ಅಂತ ಡೈರಿ ಹೇಳ್ತದಾ ಅಪ್ಪ?” ಅಂತ ಕೇಳಿದೆ.

“ಡೈರಿ ಯಾಕೆ? ನಾನೇ ಹೇಳ್ತೇನಲ್ಲ.”

ಅಲ್ಲಿಂದ ಶುರುವಾಯಿತು. 24 ಡೈರಿ, ಎಂಟು ಸಾವಿರದ ಏಳುನೂರಕ್ಕೂ ಹೆಚ್ಚು ದಿನ. ಮೂರು ವಾರಾಂತ್ಯ ಮತ್ತು ಅಷ್ಟೂ ರಾತ್ರಿ ಅಮ್ಮ ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಗ್ರಾಫ್ ಅಂದರೆ ಕೊನೆಯ ಚಿತ್ರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಮುಕ್ಕಾಲು ಕೆಲಸ ಈ ಅಂಕಿಗಳನ್ನು ಹಸನು ಮಾಡುವುದರಲ್ಲೇ ಇರುತ್ತದೆ. ಅಕ್ಕಿ ಆರಿಸಿದ ಹಾಗೆ. ಅದಕ್ಕೇ ನಾನು ಯಾವಾಗಲೂ ಮೊದಲು ಕಚ್ಚಾ ಅಂಕಿಗಳನ್ನು ಹಾಗೇ ಚುಕ್ಕಿ ಹಾಕಿ ನೋಡುತ್ತೇನೆ. ನೋಡಿದರೆ 2006ರವರೆಗೆ ಚುಕ್ಕಿಗಳೆಲ್ಲ ನೆಲಕ್ಕೆ ಅಂಟಿಕೊಂಡಿವೆ, ಆಮೇಲೆ ಇದ್ದಕ್ಕಿದ್ದಂತೆ ಆಕಾಶಕ್ಕೆ! ಸುಳ್ಯ ಮರುಭೂಮಿ ಆಗಿದ್ದು ಯಾವಾಗ? ಅಪ್ಪನಲ್ಲಿ ಕೇಳಿದರೆ ನಕ್ಕರು. ಹಳೆಯ ಮಾಪಕ ಇಂಚು-ಸೆಂಟ್ಸಿನದ್ದು, ಅದು ಒಡೆದ ಮೇಲೆ ತಂದದ್ದು ಮಿಲಿಮೀಟರಿನದ್ದು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಒಂದು ಗುಣಾಕಾರದಿಂದ ಮರುಭೂಮಿ ಮಾಯವಾಯಿತು. ತಂತ್ರಾಂಶಕ್ಕೆ ಇಂಚೂ ಗೊತ್ತಿಲ್ಲ, ಮಿಲಿಮೀಟರೂ ಗೊತ್ತಿಲ್ಲ. ಕೊಟ್ಟ ಅಂಕಿಯನ್ನು ಚಂದ ಮಾಡಿ ತೋರಿಸುತ್ತದೆ ಅಷ್ಟೆ.

ಇನ್ನೊಂದು ಕಡೆ ಅಮ್ಮ ಓದುವುದನ್ನು ನಿಲ್ಲಿಸಿದರು. 2011ರ ಜುಲೈಯಲ್ಲಿ ಹನ್ನೊಂದು ದಿನ ಖಾಲಿ. ಅಜ್ಜ ತೀರಿಕೊಂಡ ದಿನಗಳು. ಅಂಕಿ ಇಲ್ಲದ ಜಾಗದಲ್ಲಿ ಸೊನ್ನೆ ಹಾಕಿದರೆ ಆ ಹನ್ನೊಂದು ದಿನ ಮಳೆಯೇ ಬರಲಿಲ್ಲ ಅಂತ ಆಗುತ್ತದೆ. ಜುಲೈಯಲ್ಲಿ, ನಮ್ಮೂರಲ್ಲಿ, ಅದು ಶುದ್ಧ ಸುಳ್ಳು. ಹಿಂದು ಮುಂದಿನ ದಿನಗಳ ಸರಾಸರಿ ತುಂಬಿಸುವ ಸೌಲಭ್ಯ ಎಲ್ಲ ತಂತ್ರಾಂಶಗಳಲ್ಲೂ ಇದೆ, ಒಂದೇ ಸಾಲಿನ ಆದೇಶ. ಅಪ್ಪ ಬೇಡ ಅಂದರು. “ಅಳೆಯದ್ದನ್ನು ಅಳೆದ ಹಾಗೆ ಬರೆಯುದು ಬೇಡ ಮಗಾ. ಹಾಗೇ ಬಿಡು.” ಖಾಲಿ ಅಂತ ಗುರುತು ಹಾಕಿದರೆ ಗೆರೆ ಅಲ್ಲಿ ತುಂಡಾಗಿ ಮುಂದೆ ಮತ್ತೆ ಶುರುವಾಗುತ್ತದೆ. ಹಾಗೇ ಬಿಟ್ಟೆ.

ಇಲ್ಲದ ಅಂಕಿಯ ಬಗ್ಗೆ ಒಂದು ಒಳ್ಳೆಯ ಕತೆ ಉಂಟು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ಇಂಗ್ಲೆಂಡಿನ ಆಮದು-ರಫ್ತನ್ನು ಗೆರೆಗಳಲ್ಲಿ ತೋರಿಸುವ ಒಂದು ಪುಸ್ತಕ ತಂದ. ವರ್ಷ ಒಂದು ಕಡೆ, ಹಣ ಇನ್ನೊಂದು ಕಡೆ. ನಾವು ಇವತ್ತು ಪೇಪರಿನಲ್ಲಿ ನೋಡುವ ರೇಖಾಚಿತ್ರಗಳ ಮೂಲಪುರುಷ ಅವನೇ. ಆದರೆ ಅವನ ಸ್ವಂತ ಊರು ಸ್ಕಾಟ್ಲೆಂಡಿನದ್ದು ಒಂದೇ ವರ್ಷದ ಲೆಕ್ಕ ಸಿಕ್ಕಿತು. ಒಂದು ವರ್ಷದಲ್ಲಿ ಗೆರೆ ಎಳೆಯುವುದು ಹೇಗೆ? ಅದಕ್ಕಾಗಿ ಪ್ರತಿ ದೇಶದ ಜೊತೆಗಿನ ವ್ಯಾಪಾರಕ್ಕೆ ಒಂದೊಂದು ಪಟ್ಟಿ ಬರೆದ. ಈಗಿನ ಕಂಬನಕ್ಷೆ ಹುಟ್ಟಿದ್ದು ಹಾಗೆ. ಇಲ್ಲದ ವರ್ಷಗಳನ್ನು ಅವನೂ ಊಹಿಸಿ ತುಂಬಿಸಲು ಹೋಗಲಿಲ್ಲ.

ನಾನು ಬಳಸಿದ್ದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶ. ಇದನ್ನು ಬರೆದ ಜಾನ್ ಹಂಟರ್ ನರವಿಜ್ಞಾನದ ಸಂಶೋಧಕ. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ತೆರೆಯ ಮೇಲೆ ನೋಡಬೇಕಿತ್ತು, ಅದಕ್ಕಾಗಿ ತಾನೇ ಒಂದು ಸಾಧನ ಮಾಡಿಕೊಂಡು 2003ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟ. 2012ರಲ್ಲಿ, 44ನೇ ವಯಸ್ಸಿಗೇ, ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡ. ಅವನು ಬಿಟ್ಟುಹೋದದ್ದನ್ನು ನೂರಾರು ಜನ ಸೇರಿ ಮುಂದುವರಿಸಿದರು. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದನ್ನು ತಯಾರಿಸಿದವರು ಬಳಸಿದ ತಂತ್ರಾಂಶಗಳಲ್ಲೂ ಇದು ಒಂದು. ಅದೇ ಸಾಧನದಲ್ಲಿ ಒಂದು ಪೈಸೆ ಕೊಡದೆ ನಾನು ಅಪ್ಪನ ಮಳೆ ಬಿಡಿಸುತ್ತಾ ಕೂತಿದ್ದೆ.

ಮೊದಲ ಚಿತ್ರ ಸುಲಭದ್ದು, ವರ್ಷಕ್ಕೊಂದು ಕಂಬ. 24 ಕಂಬ ಮೇಲೆ ಕೆಳಗೆ ಕುಣಿಯುತ್ತಿದ್ದವೇ ಹೊರತು ಇಳಿಜಾರು ಎಲ್ಲೂ ಕಾಣಲಿಲ್ಲ. ಒಟ್ಟು ಮಳೆ ಕಡಿಮೆ ಆಗಿಯೇ ಇರಲಿಲ್ಲ! ಜೋಡುಪಾಲದಲ್ಲಿ ಗುಡ್ಡ ಜರಿದ 2018ರ ಕಂಬವಂತೂ ಎಲ್ಲಕ್ಕಿಂತ ಎತ್ತರದವುಗಳಲ್ಲಿ ಒಂದು. ಅಣ್ಣನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, “ಮತ್ತೆ 2019ರ ಮೇಯಲ್ಲಿ ನಾನು ಟ್ಯಾಂಕರ್‌ನಲ್ಲಿ ನೀರು ತಂದದ್ದು ಯಾಕೆ? ನೀನು ಬೆಂಗಳೂರಲ್ಲಿ ಕೂತು ಚಿತ್ರ ಬಿಡಿಸ್ತಿ ಮಾರಾಯ್ತಿ, ಸಿಂಗಾರ ಒಣಗುದು, ನಳ್ಳಿ ಉದುರುದು ನೋಡುವವ ನಾನು” ಅಂದ. ಮಾತು ಖಾರ, ಆದರೆ ಪ್ರಶ್ನೆ ಸರಿಯಾದದ್ದೇ. ಅಷ್ಟು ದೊಡ್ಡ ಮಳೆಗಾಲ ಕಳೆದು ಎಂಟು ತಿಂಗಳಿಗೆ ಬಾವಿ ಬತ್ತಿದ್ದು ಹೇಗೆ?

ಸಂಖ್ಯಾಶಾಸ್ತ್ರ ಓದಿದವರಿಗೆ ಆನ್ಸ್‌ಕೊಂಬ್‌ನ ನಾಲ್ಕು ಗುಂಪುಗಳು ಗೊತ್ತಿರಬಹುದು. ಫ್ರಾನ್ಸಿಸ್ ಆನ್ಸ್‌ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ನಾಲ್ಕು ಗುಂಪು ಅಂಕಿಗಳನ್ನು ಕೊಟ್ಟರು. ಪ್ರತಿ ಗುಂಪಿನಲ್ಲಿ 11 ಜೋಡಿ. ನಾಲ್ಕಕ್ಕೂ ಸರಾಸರಿ ಒಂದೇ, ಏರಿಳಿತದ ಅಳತೆ ಹೆಚ್ಚುಕಡಿಮೆ ಒಂದೇ, ಅಂಕಿಗಳ ನಡುವಿನ ಸಂಬಂಧದ ಲೆಕ್ಕವೂ ಒಂದೇ. ಚುಕ್ಕಿ ಹಾಕಿ ನೋಡಿದರೆ ಒಂದು ಓರೆ ಗೆರೆಯ ಸುತ್ತ ಚದುರಿದೆ, ಇನ್ನೊಂದು ಬಿಲ್ಲಿನ ಹಾಗೆ ಬಾಗಿದೆ, ಮೂರನೆಯದರಲ್ಲಿ ನೇರ ಸಾಲಿನಿಂದ ಒಂದೇ ಚುಕ್ಕಿ ಸಿಡಿದಿದೆ, ನಾಲ್ಕನೆಯದರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಕಂಬ ನಿಂತ ಹಾಗೆ ಒಂದರ ಮೇಲೊಂದು. ಒಟ್ಟು, ಸರಾಸರಿ ಇವೆಲ್ಲ ಆಕಾರವನ್ನು ನುಂಗಿಬಿಡುತ್ತವೆ. ವರ್ಷದ ಒಟ್ಟು ಮಳೆಯೂ ಹಾಗೆಯೇ ಏನನ್ನೋ ನುಂಗಿತ್ತು.

ಹಾಗಾಗಿ ಎರಡನೇ ಚಿತ್ರ. ವರ್ಷಕ್ಕೊಂದು ಅಡ್ಡ ಸಾಲು, ವಾರಕ್ಕೊಂದು ಚೌಕ, ಮಳೆ ಎಷ್ಟೋ ಅದಕ್ಕೆ ತಕ್ಕ ಬಣ್ಣ. ಒಂದು ಹಾಳೆಯಲ್ಲಿ 24 ವರ್ಷ, ಕಸೂತಿ ಹಾಕಿದ ಬಟ್ಟೆ ಹರಡಿದಂತೆ. ಇದನ್ನು ಅಪ್ಪನಿಗೆ ತೋರಿಸಿದರೆ ಅವರು ಕನ್ನಡಕ ಏರಿಸಿ, “ಇದರಲ್ಲಿ ಎಂತ ಬರೆದಿದೆ?” ಅಂದರು. ಬರಹ ಎಲ್ಲ ಇಂಗ್ಲಿಷಿನಲ್ಲಿತ್ತು. ಅಪ್ಪ ಓದುವುದು ಕನ್ನಡ. 24 ವರ್ಷ ಲೆಕ್ಕ ಇಟ್ಟವರಿಗೇ ಓದಲು ಬಾರದ ಲೆಕ್ಕ ಯಾರಿಗೆ ಬೇಕು? ಕನ್ನಡದಲ್ಲಿ ಹಾಕಬೇಕು ಅಂತ ಹೊರಟೆ.

ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೆ ಬರುವ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. “ಮಳೆ” ಅಂತ ಬರೆದರೆ ಖಾಲಿ ಡಬ್ಬಿಗಳ ಸಾಲು ಬಂತು. ಕನ್ನಡದ ಫಾಂಟ್ ಕೊಟ್ಟೆ. ಈಗ ಅಕ್ಷರ ಬಂತು, ಆದರೆ ಒತ್ತಕ್ಷರ ಕೆಳಗೆ ಇಳಿಯಲೇ ಇಲ್ಲ. “ಅಕ್ಟೋಬರ್” ಬಿಡಿಬಿಡಿಯಾಗಿ, ಕೊಂಬು-ಕೊಡಿಗಳೆಲ್ಲ ಬೇರೆ ಬೇರೆ ನಿಂತವು. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಸ್ವರ, ಒತ್ತು ಎಲ್ಲ ಸೇರಿ ಹೊಸ ಆಕಾರ ಆಗಬೇಕು, ಆ ಜೋಡಣೆಗೆ ಬೇರೆಯೇ ಯಂತ್ರ ಬೇಕು. ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ ಅದಿರಲಿಲ್ಲ. ಕೊನೆಗೆ ಉಪಾಯ ಸಿಕ್ಕಿತು. ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ ಉಳಿಸುವಾಗ “ಅಕ್ಷರಗಳನ್ನು ನೀನು ಬಿಡಿಸಬೇಡ, ಬರಹವಾಗಿಯೇ ಬಿಡು” ಅಂತ ಹೇಳುವ ಒಂದು ಆಯ್ಕೆ ಇದೆ. ಆಮೇಲೆ ಅದನ್ನು ಬ್ರೌಸರ್‌ನಲ್ಲಿ ತೆರೆದರೆ ಬ್ರೌಸರ್ ತಾನೇ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಕೋಡ್ ಬರೆಯಲು ಬಾರದವರಿಗೆ ಇಷ್ಟೆಲ್ಲ ರಗಳೆ ಬೇಡ. ಲಿಬ್ರೆ ಆಫೀಸ್ ಕ್ಯಾಲ್ಕ್ ಉಚಿತ, ಎಕ್ಸೆಲ್ ತರಹದ್ದೇ, ಅದರ ಚಾರ್ಟಿನಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಮನೆಯ ಲೆಕ್ಕಕ್ಕೆ ಧಾರಾಳ ಸಾಕು.

ಪ್ರಿಂಟ್ ತೆಗೆಸಲು ಹೋದರೆ ಪೇಟೆಯ ಅಂಗಡಿಯಲ್ಲಿ ಇದ್ದದ್ದು ಕಪ್ಪು-ಬಿಳುಪು ಮಾತ್ರ. ಇಲ್ಲಿ ನನಗೆ ಹಳೆಯ ಒಂದು ಸುಧಾರಣೆಯ ಬೆಲೆ ಗೊತ್ತಾಯಿತು. ಮೊದಲು ಈ ತಂತ್ರಾಂಶದಲ್ಲಿ ತಾನಾಗಿ ಬರುತ್ತಿದ್ದದ್ದು ಕಾಮನಬಿಲ್ಲಿನ ಬಣ್ಣಪಟ್ಟಿ. ಅದನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿದರೆ ಕಡುನೀಲಿಯೂ ಕಪ್ಪು, ಕಡುಕೆಂಪೂ ಕಪ್ಪು. ಬಿರುಮಳೆಗೂ ಬಿರುಬಿಸಿಲಿಗೂ ವ್ಯತ್ಯಾಸವೇ ಕಾಣುವುದಿಲ್ಲ. 2017ರಲ್ಲಿ ಬಂದ 2.0 ಆವೃತ್ತಿಯಿಂದ ಅದರ ಬದಲು ವಿರಿಡಿಸ್ ಎಂಬ ಪಟ್ಟಿ ಬಂತು, ನೇರಳೆಯಿಂದ ಹಸಿರು ಹಾದು ಹಳದಿಗೆ. ಗಾಢದಿಂದ ತಿಳಿಗೆ ಸಮನಾಗಿ ಏರುವ ಹಾಗೆ ಲೆಕ್ಕ ಹಾಕಿ ಮಾಡಿದ ಪಟ್ಟಿ. ಬಣ್ಣಗುರುಡು ಇರುವವರಿಗೂ ತಿಳಿಯುತ್ತದೆ, ಬಣ್ಣವಿಲ್ಲದ ಪ್ರಿಂಟಿನಲ್ಲೂ ತಿಳಿಯುತ್ತದೆ. ಆದರೆ ಅದರಲ್ಲಿ ಕಡಿಮೆ ಅಂದರೆ ಗಾಢ, ಹೆಚ್ಚು ಅಂದರೆ ತಿಳಿ. ಅಪ್ಪ ಕೂಡಲೇ ಹಿಡಿದರು. “ಮಳೆಗೆ ಬಿಳಿ, ಬಿಸಿಲಿಗೆ ಕಪ್ಪಾ? ಇದೆಂಥ ನ್ಯಾಯ?” ಪಟ್ಟಿಯ ಹೆಸರಿನ ಕೊನೆಗೆ ಒಂದು ಅಡಿಗೆರೆ, ಒಂದು ‘ಆರ್’ ಸೇರಿಸಿದರೆ ಅದು ತಿರುಗುಮುರುಗಾಗುತ್ತದೆ. ಮಳೆ ಕಪ್ಪಾಯಿತು.

ಕನ್ನಡದ ಹಾಳೆ ಕೈಗೆ ಬಂದ ಮೇಲೆ ಅಪ್ಪ ಅದನ್ನು ಊಟದ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಆಮೇಲೆ ಎಡಗಡೆಯ ಅಂಚಿಗೆ ಬೆರಳಿಟ್ಟು, “ನಮ್ಮ ವರ್ಷ ಜನವರಿಗೆ ಶುರು ಆಗ್ತದಾ?” ಅಂತ ಕೇಳಿದರು.

ಇದೇ ಇಡೀ ಕೆಲಸದ ಮುಖ್ಯ ಪ್ರಶ್ನೆ. ತಂತ್ರಾಂಶಕ್ಕೆ ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ಆದರೆ ನಮ್ಮ ಒಣಗಾಲ ನವೆಂಬರಿಗೆ ಶುರುವಾಗಿ ಮೇವರೆಗೆ ಹೋಗುತ್ತದೆ. ಜನವರಿಯಲ್ಲಿ ಸಾಲು ಮುರಿದರೆ ಒಂದೇ ಬೇಸಗೆ ಎರಡು ತುಂಡಾಗಿ, ಒಂದು ತುಂಡು ಬಲತುದಿಯಲ್ಲಿ, ಇನ್ನೊಂದು ಕೆಳಗಿನ ಸಾಲಿನ ಎಡತುದಿಯಲ್ಲಿ ಬೀಳುತ್ತದೆ. ಜಲವಿಜ್ಞಾನಿಗಳೂ ನಮ್ಮ ದೇಶದಲ್ಲಿ ನೀರಿನ ವರ್ಷವನ್ನು ಜೂನ್‌ನಿಂದ ಮೇವರೆಗೆ ಎಣಿಸುವುದು ಇದಕ್ಕೇ. ಅಪ್ಪ ಅದನ್ನು ಎಲ್ಲೂ ಓದಿದವರಲ್ಲ. ಸಾಲುಗಳನ್ನು ಜೂನ್ ಒಂದಕ್ಕೆ ಸರಿಸಿದೆ. “ಪತ್ತನಾಜೆಗೆ ಒಂದು ಗೆರೆ ಹಾಕು” ಅಂದರು. ಮೇ 24ರ ಆಸುಪಾಸು, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ದಿನ, ನಮ್ಮಲ್ಲಿ ಮಳೆಗಾಲದ ಬಾಗಿಲು. ಬಲತುದಿಯಲ್ಲಿ ಒಂದು ಗೆರೆ ಹಾಕಿದೆ. ಡೈರಿಯಲ್ಲಿ ಅಪ್ಪ “ಪಂಪು ಗಾಳಿ ಎಳೆಯಿತು” ಅಂತ ಬರೆದ ದಿನಗಳು ಒಂಬತ್ತು ವರ್ಷಗಳಲ್ಲಿದ್ದವು. ಅವುಗಳಿಗೆ ಒಂದೊಂದು ಚುಕ್ಕಿ.

ಈಗ ಎಲ್ಲರಿಗೂ ಕಂಡಿತು. ಪ್ರತಿ ಸಾಲಿನ ನಡುವೆ ಒಂದು ಬಿಳಿ ಪಟ್ಟಿ, ಕೊನೆಯ ಒಳ್ಳೆಯ ಮಳೆಯಿಂದ ಮುಂದಿನ ವರ್ಷದ ಮೊದಲ ಒಳ್ಳೆಯ ಮಳೆಯವರೆಗೆ. ಕೆಲವು ವರ್ಷ ಗಿಡ್ಡ, ಕೆಲವು ವರ್ಷ ಉದ್ದ. ಒಂಬತ್ತು ಚುಕ್ಕಿಗಳಲ್ಲಿ ಏಳು ಕೂತದ್ದು ಉದ್ದದ ಪಟ್ಟಿಗಳ ಮೇಲೆ. ಒಟ್ಟು ಮಳೆಗೂ ಆ ಚುಕ್ಕಿಗಳಿಗೂ ಲೆಕ್ಕವೇ ತಾಳೆಯಾಗಲಿಲ್ಲ. ಹೆಚ್ಚು ಸುರಿದ ವರ್ಷದಲ್ಲೂ ಚುಕ್ಕಿ ಇತ್ತು, ಕಡಿಮೆ ಸುರಿದ ವರ್ಷ ಚುಕ್ಕಿ ಇಲ್ಲದೆಯೂ ಕಳೆದಿತ್ತು. ಜುಲೈಯಲ್ಲಿ ನೆಲ ಕುಡಿಯುವಷ್ಟು ಕುಡಿದ ಮೇಲೆ ಉಳಿದದ್ದು ತೋಡು ಸೇರಿ, ಹೊಳೆ ಸೇರಿ, ಕಡಲಿಗೆ ಹೋಗುತ್ತದೆ. ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ದಿನ ಬರಲಿಲ್ಲ ಅನ್ನುವುದು ನಮ್ಮ ಬಾವಿಗೆ ಮುಖ್ಯ. ಅಣ್ಣನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

“ಉಳಿದ ಎರಡು?” ಅಣ್ಣ ಬಿಡಲಿಲ್ಲ. ಪಟ್ಟಿ ಗಿಡ್ಡ ಇದ್ದರೂ ಚುಕ್ಕಿ ಬಿದ್ದ ಎರಡು ವರ್ಷ. ನನ್ನ ಹತ್ತಿರ ಉತ್ತರ ಇರಲಿಲ್ಲ, ಲ್ಯಾಪ್‌ಟಾಪಿನಲ್ಲೂ ಇರಲಿಲ್ಲ. ಅಪ್ಪ ಎರಡೂ ವರ್ಷಗಳನ್ನು ನೋಡಿ, “ಇವು ಎರಡೂ ಮೇಲಿನ ಗುಡ್ಡೆಯಲ್ಲಿ ಬೋರ್ ಬಿದ್ದ ಮೇಲಿನವು” ಅಂದರು. ಡೈರಿಯಲ್ಲಿ ಬೋರ್‌ಗೆ ಕಾಲಂ ಇಲ್ಲ. ಇಲ್ಲದ ಕಾಲಂ ಅನ್ನು ಯಾವ ತಂತ್ರಾಂಶವೂ ಬಿಡಿಸಿ ತೋರಿಸುವುದಿಲ್ಲ. ಅದು ಅಪ್ಪನ ತಲೆಯಲ್ಲಿತ್ತು, ಹಾಳೆ ಕನ್ನಡದಲ್ಲಿದ್ದ ಕಾರಣ ಹೊರಗೆ ಬಂತು.

ಅಷ್ಟು ಹೊತ್ತೂ ಸುಮ್ಮನಿದ್ದ ಅಮ್ಮ ಆಗ ಕೇಳಿದರು, “ಹಾಗಾದರೆ ನಾವು ಬೋರ್ ತೆಗೆಸಿದರೆ ಕೆಳಗಿನ ಮನೆಯವರ ಬಾವಿಗೆ ಎಂತ ಆಗ್ತದೆ?”

ಯಾರೂ ಮಾತಾಡಲಿಲ್ಲ. ಎರಡು ಚುಕ್ಕಿಯಿಂದ ಏನೂ ಸಾಬೀತಾಗುವುದಿಲ್ಲ ಅಂತ ನನ್ನ ಓದು ಹೇಳುತ್ತದೆ, ಅದನ್ನೂ ಹೇಳಿದೆ. ಆದರೂ ಆ ಪ್ರಶ್ನೆ ಮೇಜಿನ ಮೇಲೆ ಉಳಿಯಿತು.

ಕೊನೆಗೆ ಅಣ್ಣನೇ ಒಂದು ದಾರಿ ಹೇಳಿದ. ಸಾಲದ ಅರ್ಜಿ ಒಂದು ವರ್ಷ ಹಾಗೇ ಇರಲಿ. ಈ ಸಲ ತೋಡಿಗೆ ಕಟ್ಟ ಹಾಕುವ. ಮುಂದಿನ ಬೇಸಗೆಯಲ್ಲಿ ಏಪ್ರಿಲ್ ಮುಗಿಯುವ ಮೊದಲು ಪಂಪು ಗಾಳಿ ಎಳೆದರೆ ಬೋರ್, ಆಮೇಲೆ ಯಾರೂ ಮಾತಾಡುವಂತಿಲ್ಲ. ಕಟ್ಟ ನಮ್ಮ ಕಡೆ ಹೊಸತೇನಲ್ಲ. ಮಳೆ ನಿಂತು ತೋಡಿನ ರಭಸ ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಹಾಕಿ ಅಡ್ಡ ಕಟ್ಟುತ್ತಿದ್ದರು; ನೀರು ನಿಂತು, ಇಂಗಿ, ಅಕ್ಕಪಕ್ಕದ ಬಾವಿಗಳಿಗೆಲ್ಲ ಬರುತ್ತಿತ್ತು. ಪಂಪು ಬಂದ ಮೇಲೆ ಹಲವು ಕಡೆ ನಿಂತುಹೋಯಿತು, ನಮ್ಮಲ್ಲಿಯೂ. 2024ರ ಡಿಸೆಂಬರಿನಲ್ಲಿ ಕೆಳಗಿನ ಮನೆಯವರೂ ಸೇರಿ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆ ಹಾಕಿ ಕಟ್ಟಿದರು. ಬಿಳಿ ಪಟ್ಟಿಯ ಎಡತುದಿಯಲ್ಲೇ ನೀರು ಹಿಡಿದಿಡುವ ಪ್ರಯತ್ನ.

2025ರ ಬೇಸಗೆಯಲ್ಲಿ ಪಂಪು ಗಾಳಿ ಎಳೆಯಲಿಲ್ಲ. ಖುಷಿಯಿಂದ ಕಟ್ಟಕ್ಕೆ ಪೂರ್ಣ ಅಂಕ ಕೊಡುವ ಅಂದರೆ, ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಪತ್ತನಾಜೆ ಹೊತ್ತಿಗೆ ನಮ್ಮ ಅಂಗಳದಲ್ಲೂ ನೀರು. “ನೀರು ಉಳಿಸಿದ್ದು ಕಟ್ಟವೋ, ಮಳೆಯೋ?” ಅಂತ ಅಣ್ಣ ಕೇಳಿದ. ಒಂದು ವರ್ಷ ಅಂದರೆ ಒಂದು ಚುಕ್ಕಿ. ಇನ್ನೂ ನಾಲ್ಕೈದು ಬೇಕು ಅಂದೆ. ಅರ್ಜಿ ಇನ್ನೊಂದು ವರ್ಷ ಮುಂದೆ ಹೋಯಿತು.

ನಿಮ್ಮ ಮನೆಯಲ್ಲೂ ಇಂಥ ಒಂದು ಲೆಕ್ಕ ಇದ್ದೇ ಇರುತ್ತದೆ. ಹಾಲಿನ ಪುಸ್ತಕ, ಕರೆಂಟ್ ಬಿಲ್ಲು, ಅಮ್ಮನ ಸಕ್ಕರೆ ಕಾಯಿಲೆಯ ಅಂಕಿ ಬರೆದ ಕ್ಯಾಲೆಂಡರ್. ಒಂದು ಭಾನುವಾರ ಕೂತು ಟೈಪ್ ಮಾಡಿ, ಚಾರ್ಟ್ ಮಾಡಿ. ಆದರೆ ದಯವಿಟ್ಟು ಅದನ್ನು ಬರೆದಿಟ್ಟವರ ಭಾಷೆಯಲ್ಲೇ ಮಾಡಿ, ಅವರ ಎದುರೇ ಹರಡಿ, ಅವರು ಬೆರಳಿಟ್ಟು ಏನಾದರೂ ಹೇಳುವವರೆಗೆ ಕಾಯಿರಿ.

ಅಪ್ಪನ ಡೈರಿಯಲ್ಲಿ ಈಗ ಎರಡು ಕಾಲಂ ಇದೆ. ಪ್ರತಿ ಭಾನುವಾರ ಅಡಿಗೊಂದು ಗಂಟು ಹಾಕಿದ ಹಗ್ಗ ಬಾವಿಗೆ ಇಳಿಸಿ ನೀರಿನ ಮಟ್ಟ ಬರೆಯುತ್ತಾರೆ. ಅಡಿಯಲ್ಲಿ ಬರೆಯುತ್ತಾರೆ, ಮೀಟರಿನಲ್ಲಿ ಅಲ್ಲ. ಅದನ್ನು ಪರಿವರ್ತಿಸುವ ಸಾಲನ್ನು ನಾನು ಈಗಲೇ ಬರೆದಿಟ್ಟಿದ್ದೇನೆ.